ಚಳಿಗಾಲಕ್ಕೆ ಘಾಟಿ ಇಳಿಯೋರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಾವು ಮಡಿಕೇರಿಯವ್ರು, ಇಬ್ರೂ ಸ್ಕೂಲಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು, ಯಜಮಾನ್ರಿಗೆ 68, ನಂಗೆ 63. ಡಿಸೆಂಬರ್ ಬಂತು ಅಂದ್ರೆ ನನ್ನ ಮಂಡಿ ಹಿಡ್ಕೊಳ್ಳುತ್ತೆ, ಅವ್ರಿಗೆ ರಾತ್ರಿಯೆಲ್ಲಾ ಕೆಮ್ಮು. ಈ ಸಲ ಎರಡು ತಿಂಗಳು ಬೆಚ್ಚಗಿರೋ ಕಡೆ ಹೋಗ್ಬೇಕು ಅಂತಿದೀವಿ. ಅವ್ರ ಪ್ಲಾನು ಏನಂದ್ರೆ ಡಿಸೆಂಬರಲ್ಲಿ ಪಾಂಡಿಚೇರಿ, ರಾಮೇಶ್ವರ, ಕನ್ಯಾಕುಮಾರಿ, ಜನವರಿಲಿ ಬಿಜಾಪುರ, ಬೀದರ್, ಎಲ್ಲಾ ನಮ್ಮ ಕಾರಲ್ಲೇ. ಸರಿ ಹೋಗುತ್ತಾ?

ಉತ್ತರ: ಯಜಮಾನ್ರು ಆರಿಸಿರೋ ಊರುಗಳೆಲ್ಲಾ ಚೆನ್ನಾಗಿವೆ, ತಿಂಗಳುಗಳೇ ಸರಿ ಇಲ್ಲ. ತಮಿಳುನಾಡಿನ ಕರಾವಳಿಗೆ ಮಳೆಗಾಲ ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರು, ಹಿಂಗಾರು ಮಳೆ, ಬಂಗಾಳ ಕೊಲ್ಲಿಲಿ ಸೈಕ್ಲೋನ್ ಏಳೋದೂ ಆಗಲೇ. ರಾಮೇಶ್ವರದ ಪಕ್ಕದ ಧನುಷ್ಕೋಡಿ ಕೊಚ್ಚಿಹೋಗಿದ್ದು 1964ರ ಡಿಸೆಂಬರ್ 22ರ ರಾತ್ರಿ. ಹೆದರಿಸೋಕೆ ಹೇಳ್ತಿಲ್ಲ, ಆದ್ರೆ ಮೈ ಬೆಚ್ಚಗಾಗ್ಲಿ ಅಂತ ಹೋದೋರು ಲಾಡ್ಜ್ ರೂಮಲ್ಲಿ ಒದ್ದೆ ಬಟ್ಟೆ ಒಣಗಿಸ್ಕೊಂಡು ಕೂರೋದು ಯಾಕೆ, ಆ ಕಡೆ ಹೋಗ್ಲೇಬೇಕು ಅಂದ್ರೆ ಜನವರಿ ಮಧ್ಯದ ಮೇಲೆ ಹೋಗಿ.

ಇನ್ನು ಬಿಜಾಪುರ, ಬೀದರು. ಬಿಸಿಲು ನಾಡು ನಿಜ, ಅದು ಏಪ್ರಿಲ್ ಮೇ ಮಾತು. ಬಯಲು ನೆಲ, ಒಣ ಗಾಳಿ, ಹತ್ತಿರದಲ್ಲೆಲ್ಲೂ ಸಮುದ್ರ ಇಲ್ಲ, ಹಗಲು ಕಾದ ನೆಲ ಸೂರ್ಯ ಮುಳುಗ್ತಿದ್ದ ಹಾಗೇ ಆರಿಹೋಗುತ್ತೆ. ಡಿಸೆಂಬರ್ ಜನವರಿಲಿ ಅಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯೋದುಂಟು, ಎಷ್ಟೋ ದಿನ ನಿಮ್ಮ ಮಡಿಕೇರಿನೇ ವಾಸಿ ಅನ್ನಿಸ್ಬೇಕು. ಎಲ್ಲರೂ ಮಾಡೋ ತಪ್ಪು ಇದೇ, ಮೊಬೈಲಲ್ಲಿ ಹಗಲಿನ ಉಷ್ಣಾಂಶ ನೋಡಿ ಊರು ಆರಿಸ್ತಾರೆ. ನಿಮ್ಮ ಮಂಡಿ ಹಿಡ್ಕೊಳ್ಳೋದು, ಅವ್ರಿಗೆ ಕೆಮ್ಮು ಬರೋದು ಬೆಳಗಿನ ಜಾವ, ಹಾಗಾಗಿ ಕನಿಷ್ಠ ಉಷ್ಣಾಂಶ ಎಷ್ಟು ಅಂತ ನೋಡಿ.

ಆ ಲೆಕ್ಕದಲ್ಲಿ ನೋಡಿದ್ರೆ ಮಂಗಳೂರಿಂದ ಕಾರವಾರದ ತನಕ ನಮ್ಮ ಕರಾವಳಿನೇ ಸಾಕು, ಜನವರಿ ರಾತ್ರಿಲೂ ಸಾಮಾನ್ಯವಾಗಿ 20ರ ಆಸುಪಾಸು, ಹಗಲು 32, 33. ಸಮುದ್ರ ಬೇಗ ಕಾಯಲ್ಲ, ಬೇಗ ಆರೋದೂ ಇಲ್ಲ. ಘಟ್ಟದ ಮೇಲಿಂದ ಒಣ ಗಾಳಿ ಕೆಳಗಿಳೀತಾ ಇನ್ನಷ್ಟು ಬಿಸಿಯಾಗುತ್ತೆ, ಅದಕ್ಕೇ ಚಳಿಗಾಲದ ಕೆಲವು ದಿನ ಇಡೀ ದೇಶದಲ್ಲೇ ಜಾಸ್ತಿ ಉಷ್ಣಾಂಶ ಹೊನ್ನಾವರ, ಕಾರವಾರದಲ್ಲಿ ದಾಖಲಾಗೋದು. ನೀವಂತೂ ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟೋದ್ರೊಳಗೆ ಸ್ವೆಟರ್ ಬಿಚ್ತೀರ.

ಆದ್ರೆ ಟೂರ್ ಮಾಡ್ಬೇಡಿ. ಮೂರು ದಿನ ಇಲ್ಲಿ, ಎರಡು ದಿನ ಅಲ್ಲಿ ಅಂತ ಸೂಟ್‌ಕೇಸ್ ಎತ್ತಿ ಇಳಿಸೋದ್ರಲ್ಲೇ ಮಂಡಿ ಸವೆಯುತ್ತೆ. ಕುಂದಾಪುರವೋ ಉಡುಪಿಯೋ ಕುಮಟಾವೋ, ಯಾವ್ದಾದ್ರೂ ಒಂದೂರಲ್ಲಿ ತಿಂಗಳ ಬಾಡಿಗೆಗೆ ಮನೆ ಹಿಡೀರಿ, ದಿನದ ರೇಟಲ್ಲಿ ಹೋಮ್‌ಸ್ಟೇ ಬೇಡ. ಕ್ರಿಸ್ಮಸ್ ರಜಕ್ಕೆ ಮುಂಚೆನೇ ಮಾತಾಡ್ಕೊಳ್ಳಿ, ಆಮೇಲೆ ಬೀಚ್ ಕಡೆ ಯಾರೂ ಮಾತಿಗೇ ಸಿಗಲ್ಲ. ಉಡುಪಿ ಅಂತಾದ್ರೆ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆ ಹೊಣೆ ಕೈ ಬದಲಾಗೋ ಪರ್ಯಾಯ ಉತ್ಸವ ಇರುತ್ತೆ, ನೋಡೋ ಆಸೆ ಇದ್ರೆ ಸರಿ, ಇಲ್ಲಾಂದ್ರೆ ಆ ವಾರ ರಥಬೀದಿ ಕಡೆ ಸುಳೀಬೇಡಿ. ಮನೆ ನೋಡೋಕೆ ಹೋದಾಗ ನೆಲದ ಟೈಲ್ಸು, ಟಿವಿ ಎಲ್ಲಾ ಆಮೇಲೆ, ಮೊದ್ಲು ಬಾವಿ ನೀರು ಒಂದು ಲೋಟ ಕುಡ್ದು ನೋಡಿ. ಸಮುದ್ರದ ಹತ್ರ ಕೆಲವು ಬಾವಿ ಉಪ್ಪು, ಆ ನೀರಲ್ಲಿ ತೊಗರಿಬೇಳೆ ಎಷ್ಟು ಸೀಟಿ ಹೊಡ್ಸಿದ್ರೂ ಸರಿಯಾಗಿ ಬೇಯಲ್ಲ, ಕುಕ್ಕರ್ ಒಳಗೆಲ್ಲಾ ಬಿಳಿ ಪದರ ಕಟ್ಟುತ್ತೆ. ಹೆಂಚಿನ ಮನೆ ಸಿಕ್ಕರೆ ಬಿಡ್ಬೇಡಿ, ತಾರಸಿ ಕೆಳಗಿನ ಮೇಲ್ಮಹಡಿ ಫೆಬ್ರವರಿಗೆ ಕಾವಲಿ ಆಗಿರುತ್ತೆ. ಕೂತು ಏಳೋ ಕಮೋಡ್ ಇದೆಯಾ ಅಂತ ನಾಚ್ಕೊಳ್ದೆ ಕೇಳಿ.

ಬೇಜಾರಾಗುತ್ತೆ ಅಂತ ಅನುಮಾನ ಬೇಡ, ನವೆಂಬರ್‌ನಿಂದ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರ್ತವೆ, ಒಂದಲ್ಲಾ ಒಂದು ಬಯಲಲ್ಲಿ ಆಟ ಇದ್ದೇ ಇರುತ್ತೆ, ಬೆಳತನಕ ಕೂರೋಕೆ ಆಗ್ದಿದ್ರೆ ಅರ್ಧರಾತ್ರಿಗೆ ಮುಗಿಯೋ ಕಾಲಮಿತಿ ಆಟಗಳೂ ಇವೆ.

ಹೊರಡೋ ಮುಂಚೆ ಎರಡು ಕೆಲ್ಸ. ನವೆಂಬರಲ್ಲಿ ಪೆನ್ಷನ್ನಿನ ಲೈಫ್ ಸರ್ಟಿಫಿಕೇಟ್ ಮುಗಿಸ್ಕೊಳ್ಳಿ. ಮತ್ತೆ ಬಿಪಿ ಮಾತ್ರೆ ತಗೊಳ್ತಿದ್ರೆ ಡಾಕ್ಟ್ರಿಗೆ ಹೇಳಿ ಹೋಗಿ, ಚಳಿಲಿ ಏರಿರೋ ಬಿಪಿ ಸೆಕೆಗೆ ಇಳಿಯೋದುಂಟು, ತಲೆ ತಿರುಗ್ತು ಅಂತ ಅಲ್ಲಿ ನೀವೇ ಮಾತ್ರೆ ಅರ್ಧ ಮಾಡ್ಬೇಡಿ. ಫೆಬ್ರವರಿ ಮಧ್ಯಕ್ಕೆ ವಾಪಸ್ ಹೊರಡಿ, ಆಮೇಲಿನ ಸೆಕೆ ನಿಮಗೆ ತಡ್ಕೊಳ್ಳೋಕಾಗಲ್ಲ.

ಪ್ರಶ್ನೆ: ನಾವಿಬ್ರು ಟೊರಾಂಟೋ ಹತ್ರ ಇರೋದು, ಇಬ್ರಿಗೂ 65 ದಾಟಿದೆ. ಪ್ರತಿ ಚಳಿಗಾಲ ಐದಾರು ತಿಂಗಳು ಮೈಸೂರಿಗೆ ಬಂದಿದ್ರೆ ಅಲ್ಲಿನ ಹೆಲ್ತ್ ಕಾರ್ಡು, ಪೆನ್ಷನ್ನು ನಿಂತೋಗುತ್ತಾ?

ಉತ್ತರ: ನಿಮ್ಮ ಟೊರಾಂಟೋ ಇರೋ ಒಂಟಾರಿಯೋ ಪ್ರಾಂತ್ಯದಲ್ಲಿ ಹೆಲ್ತ್ ಕಾರ್ಡಿನ ನಿಯಮ ಇಷ್ಟೇ, ಯಾವುದೇ 12 ತಿಂಗಳಲ್ಲಿ ಕನಿಷ್ಠ 153 ದಿನ ಆ ಪ್ರಾಂತ್ಯದಲ್ಲಿರ್ಬೇಕು, ಅಂದ್ರೆ ಸುಮಾರು 212 ದಿನ ಹೊರಗಿರ್ಬಹುದು, ನಿಮ್ಮ ಐದಾರು ತಿಂಗಳಿಗೆ ತೊಂದ್ರೆ ಇಲ್ಲ. ಓಲ್ಡ್ ಏಜ್ ಸೆಕ್ಯುರಿಟಿ ಪೆನ್ಷನ್ನು 18 ವಯಸ್ಸಿನ ಮೇಲೆ ಕೆನಡಾದಲ್ಲಿ 20 ವರ್ಷ ಇದ್ದೋರಿಗೆ ಎಲ್ಲಿದ್ರೂ ಬರುತ್ತೆ. ಅಷ್ಟು ವರ್ಷ ಆಗ್ದಿದ್ರೆ ಹೊರಟ ತಿಂಗಳು ಬಿಟ್ಟು ಆರು ತಿಂಗಳ ಮೇಲೆ ನಿಲ್ಲುತ್ತೆ, ಕಡಿಮೆ ಆದಾಯದೋರಿಗೆ ಕೊಡೋ ಸಪ್ಲಿಮೆಂಟ್ ಅಂತೂ ಎಷ್ಟು ವರ್ಷ ಇದ್ದೋರಿಗೂ ಆರು ತಿಂಗಳಾದ್ಮೇಲೆ ಇಲ್ಲ. ನಿಜವಾದ ತಲೆನೋವು ಇನ್ಶೂರೆನ್ಸು. ಮೈಸೂರಿನ ಆಸ್ಪತ್ರೆ ಬಿಲ್ಲಿಗೆ ಆ ಹೆಲ್ತ್ ಕಾರ್ಡ್ ನಂಬ್ಕೊಂಡು ಬರ್ಬೇಡಿ, ಟ್ರಾವೆಲ್ ಪಾಲಿಸಿ ತಗೊಳ್ಳೇಬೇಕು, ಅದ್ರಲ್ಲೂ ಹೊರಡೋಕೆ ಸ್ವಲ್ಪ ದಿನ ಮುಂಚೆ ಶುಗರ್ ಮಾತ್ರೆ ಡೋಸ್ ಬದಲಾಗಿದ್ರೂ ಕಾಯಿಲೆ ಸ್ಥಿರವಾಗಿರ್ಲಿಲ್ಲ ಅಂತ ಕ್ಲೇಮ್ ತಳ್ಳಿಹಾಕೋಕೆ ಅವಕಾಶ ಇರೋ ಪಾಲಿಸಿಗಳಿವೆ. ಆ ಸಣ್ಣಕ್ಷರ ಓದಿ ಸಹಿ ಹಾಕಿ.

ಪ್ರಶ್ನೆ: ಅಪ್ಪ ಅಮ್ಮನ್ನ ಬೆಂಗಳೂರಿಂದ ಕಾರವಾರಕ್ಕೆ ಟ್ರೈನಲ್ಲಿ ಕಳಿಸ್ಬೇಕು, ಸೀನಿಯರ್ ಸಿಟಿಜನ್ ರಿಯಾಯಿತಿ ಇದೆಯಾ?

ಉತ್ತರ: 2020ರ ಮಾರ್ಚಲ್ಲಿ ನಿಲ್ಸಿದ್ದು, ಮತ್ತೆ ಕೊಟ್ಟಿಲ್ಲ. ಲೋಯರ್ ಬರ್ತ್ ಕೋಟಾ ಮಾತ್ರ ಇದೆ, ಗಂಡಸ್ರಿಗೆ 60, ಹೆಂಗಸ್ರಿಗೆ 45 ಆಗಿರ್ಬೇಕು. ನೀವೂ ಜೊತೆಗೆ ಹೋಗೋದಾದ್ರೆ ನಿಮ್ಮ ಹೆಸರು ಅವ್ರ ಟಿಕೆಟಲ್ಲಿ ಸೇರಿಸ್ಬೇಡಿ, ಆ ಕೋಟಾ ಒಂದೋ ಎರಡೋ ಜನ ಇರೋ ಟಿಕೆಟ್ಟಿಗೆ ಮಾತ್ರ, ಅವ್ರಿಬ್ರದ್ದು ಬೇರೆ ಬುಕ್ ಮಾಡಿ. ಬುಕಿಂಗ್ ಓಪನ್ ಆಗೋದು ಈಗ 60 ದಿನ ಮುಂಚೆ, ಡಿಸೆಂಬರ್ ಕೊನೆ ವಾರಕ್ಕೆ ಬೇಕಂದ್ರೆ ಅಕ್ಟೋಬರ್ ಕೊನೆಗೇ ಕೂತ್ಕೊಳ್ಳಿ.