ಲಿನಕ್ಸ್ ಕರ್ನಲ್‌ಗೆ ಡಾಕ್ಯುಮೆಂಟೇಶನ್ ಪ್ಯಾಚ್ ಕಳಿಸಿ ಮೂರು ವಾರವಾಯಿತು, ಉತ್ತರವಿಲ್ಲ. ಈ ಕೆಲಸಕ್ಕೆ ಬೆಲೆ ಇದೆಯೇ?

ಪ್ರಶ್ನೆ ಕೇಳಿದವರು ಹಾಸನದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾರೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಂದು ಡಾಕ್ಯುಮೆಂಟೇಶನ್ ಫೈಲಿನಲ್ಲಿ ತಪ್ಪು ಕಂಡು, ತಿದ್ದಿ, ಆ ತಿದ್ದುಪಡಿಯನ್ನು (ಅದೇ ಪ್ಯಾಚ್) ಜಿಮೇಲ್‌ನಿಂದ ಕಳಿಸಿದ್ದಾರೆ. ಮೂರು ವಾರದಿಂದ ಸದ್ದಿಲ್ಲ. ಕೋಡ್ ಮುಟ್ಟದೆ ಬರೀ ಡಾಕ್ಯುಮೆಂಟೇಶನ್ ತಿದ್ದುವುದು ಲೆಕ್ಕಕ್ಕೆ ಬರುತ್ತದೆಯೇ, ರಿವ್ಯೂ ಮಾಡುವವರು ಹೊಸಬರನ್ನು ಕಣ್ಣೆತ್ತಿಯೂ ನೋಡುವುದಿಲ್ಲವೇ ಎನ್ನುವುದು ಅವರ ಪ್ರಶ್ನೆ.

ನಾನು ಮೂಡಿಗೆರೆ ಕಡೆಯವನು. ಕೆಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದೆ. ಹಗಲು ತೋಟ, ರಾತ್ರಿ ಕರ್ನಲ್. ದೊಡ್ಡ ಹೆಸರೇನೂ ಇಲ್ಲ. ಕಳಿಸಿದ ಪ್ಯಾಚ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಾಕ್ಯುಮೆಂಟೇಶನ್‌ನವೇ. ಹಾಗಾಗಿ ಈ ಪ್ರಶ್ನೆ ನನ್ನದೂ ಹೌದು.

ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳೋಣ. ಜಿಮೇಲ್‌ನಿಂದ ಅಂದಿರಲ್ಲ, ಬ್ರೌಸರ್‌ನಲ್ಲಿ ಹೊಸ ಮೇಲ್ ತೆರೆದು ಪ್ಯಾಚನ್ನು ಅಂಟಿಸಿ ಕಳಿಸಿದಿರಾ? ಹಾಗಾದರೆ ಅದು ಯಾರ ಕೈಗೂ ಸೇರಿಲ್ಲದೆ ಇರಬಹುದು. ಕರ್ನಲ್‌ನ ಮೇಲಿಂಗ್ ಲಿಸ್ಟ್‌ಗಳು (ಪ್ಯಾಚ್‌ಗಳ ಚರ್ಚೆ ನಡೆಯುವ ಮೇಲ್ ಗುಂಪುಗಳು) ಎಚ್‌ಟಿಎಂಎಲ್ ಮೇಲನ್ನು, ಅಂದರೆ ವೆಬ್ ಪುಟದಂತೆ ಅಲಂಕರಿಸಿದ ಮೇಲನ್ನು, ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಪ್ಲೇನ್ ಟೆಕ್ಸ್ಟ್ ಆರಿಸಿಕೊಂಡಿದ್ದರೂ ಜಿಮೇಲ್‌ನ ವೆಬ್ ಪುಟ ಟ್ಯಾಬ್‌ಗಳನ್ನು ಸ್ಪೇಸ್ ಮಾಡಿಬಿಡುತ್ತದೆ, ಉದ್ದದ ಸಾಲುಗಳನ್ನು ನಡುವೆ ಮುರಿಯುತ್ತದೆ. ಅಂಥ ಪ್ಯಾಚ್ ಆ ಕಡೆ ಅಪ್ಲೈ ಆಗುವುದೇ ಇಲ್ಲ, ಅಂದರೆ ಮೂಲ ಫೈಲಿಗೆ ಕೂರುವುದೇ ಇಲ್ಲ. ಲಿಸ್ಟ್‌ಗೆ ಬಂದದ್ದೆಲ್ಲ ಲೋರ್ ಎಂಬ ಆರ್ಕೈವ್‌ನಲ್ಲಿ ಉಳಿಯುತ್ತದೆ. ಅಲ್ಲಿ ನಿಮ್ಮ ಹೆಸರು ಹುಡುಕಿ. ಸಿಗದಿದ್ದರೆ ಯಾರ ಮೇಲೂ ಬೇಜಾರು ಬೇಡ. ಜಿಮೇಲ್‌ನಲ್ಲಿ ಎರಡು ಹಂತದ ಲಾಗಿನ್ ಆನ್ ಮಾಡಿ, ಒಂದು ಆ್ಯಪ್ ಪಾಸ್‌ವರ್ಡ್ ಪಡೆದು, ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ಕೊಡುವ ಸೆಂಡ್-ಇಮೇಲ್ ಕಮಾಂಡಿನಿಂದ ಕಳಿಸಿ. ಮೊದಲ ಸಲ ನಿಮ್ಮ ವಿಳಾಸಕ್ಕೇ ಕಳಿಸಿಕೊಂಡು, ಬಂದ ಮೇಲನ್ನು ಗಿಟ್ ಎಎಂ ಎಂಬ ಕಮಾಂಡಿನಿಂದ ಅಪ್ಲೈ ಮಾಡಿ ನೋಡಿ. ನಿಮ್ಮ ಮನೆಯಲ್ಲೇ ಅಪ್ಲೈ ಆಗದ್ದು ಅವರ ಮನೆಯಲ್ಲಿ ಆಗುತ್ತದೆಯೇ?

ಆರ್ಕೈವ್‌ನಲ್ಲಿ ಇದ್ದೂ ಉತ್ತರ ಬಂದಿಲ್ಲವೆಂದರೆ ಕ್ಯಾಲೆಂಡರ್ ನೋಡಿ. ಒಂಬತ್ತು-ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ. ಅದರ ಮೊದಲ ಎರಡು ವಾರ ಮರ್ಜ್ ವಿಂಡೋ, ಹೊಸ ಬದಲಾವಣೆಗಳನ್ನು ಒಳಗೆ ಸೇರಿಸಿಕೊಳ್ಳುವ ಅವಧಿ. ಆಗ ಮೇಂಟೇನರ್‌ಗಳ (ಕರ್ನಲ್‌ನ ಒಂದೊಂದು ಭಾಗವನ್ನು ನೋಡಿಕೊಳ್ಳುವವರು) ಮನೆಯಲ್ಲಿ ಮದುವೆ ಮನೆಯ ಗಲಾಟೆ, ಹೊಸ ಪ್ಯಾಚ್ ನೋಡಲು ಪುರುಸೊತ್ತಿರುವುದಿಲ್ಲ. ಎರಡು-ಮೂರು ವಾರ ಕಾಯುವುದು ಸಾಮಾನ್ಯ. ಕನಿಷ್ಠ ಒಂದು ವಾರ ಬಿಟ್ಟು ನೆನಪಿಸಬಹುದು ಎಂದು ಕರ್ನಲ್‌ನವರೇ ಬರೆದಿಟ್ಟಿದ್ದಾರೆ. ಅಲ್ಲಿ ಮೌನವೆಂದರೆ ಬೇಡ ಎಂದಲ್ಲ, ಬಹುತೇಕ ಸಲ ಮರೆತಿದ್ದಾರೆ ಎಂದಷ್ಟೇ. ಇನ್ನೊಂದು: ಮೇಂಟೇನರ್ಸ್ ಎಂಬ ಫೈಲಿನಲ್ಲಿ ನಿಮ್ಮ ಫೈಲಿಗೆ ಯಾರು ದಿಕ್ಕು ಅಂತ ನೋಡಿ. ಗೆಟ್-ಮೇಂಟೇನರ್ ಸ್ಕ್ರಿಪ್ಟ್‌ಗೆ ಪ್ಯಾಚ್ ಕೊಟ್ಟರೆ ಅದೇ ಹೆಸರುಗಳನ್ನು ತೆಗೆದುಕೊಡುತ್ತದೆ. ಆ ಫೈಲಿನಲ್ಲಿ ಕೆಲವು ಡ್ರೈವರ್‌ಗಳ (ಒಂದೊಂದು ಸಾಧನವನ್ನು ನಡೆಸುವ ಕೋಡ್) ಮುಂದೆ ಆರ್ಫನ್ ಎಂದು ಬರೆದಿರುತ್ತದೆ, ಅನಾಥ. ಅನಾಥ ಡ್ರೈವರಿನ ಬಾಗಿಲು ತಟ್ಟಿದರೆ ಓಗೊಡುವವರು ಬೇಗ ಸಿಗುವುದಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ, ಡಾಕ್ಯುಮೆಂಟೇಶನ್‌ಗೆ ಬೆಲೆ ಇದೆಯೇ ಎನ್ನುವುದಕ್ಕೆ.

ನಮ್ಮ ಕಡೆ ಜಮೀನು ಕೊಳ್ಳುವವರು ಪಹಣಿ ಒಂದನ್ನೇ ನಂಬುವುದಿಲ್ಲ. ಪಹಣಿಯಲ್ಲಿ ರಾಗಿ ಅಂತಿರುತ್ತದೆ, ಹೋಗಿ ನೋಡಿದರೆ ನಲವತ್ತು ವರ್ಷದ ಅರೇಬಿಕಾ ಗಿಡ ನಿಂತಿರುತ್ತದೆ. ಕಾಗದ ಬರೆದ ದಿನ ಅದು ಸುಳ್ಳಾಗಿರಲಿಲ್ಲ. ಜಮೀನು ಬದಲಾಯಿತು, ಕಾಗದ ಬದಲಾಗಲಿಲ್ಲ. ಕರ್ನಲ್‌ನ ಡಾಕ್ಯುಮೆಂಟೇಶನ್‌ಗೂ ಇದೇ ಕಾಯಿಲೆ. ಪ್ರತಿ ಆವೃತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಕೋಡಿಗೆ ಸೇರುತ್ತವೆ. ಕೋಡ್ ತಪ್ಪಾದರೆ ಯಂತ್ರ ಕೂಗುತ್ತದೆ. ಡಾಕ್ಯುಮೆಂಟೇಶನ್ ತಪ್ಪಾದರೆ ಯಾರೂ ಕೂಗುವುದಿಲ್ಲ, ಅದನ್ನು ನಂಬಿದ ಯಾವನೋ ಒಬ್ಬ ರಾತ್ರಿ ಎರಡು ಗಂಟೆಗೆ ತಲೆ ಚಚ್ಚಿಕೊಳ್ಳುತ್ತಾನೆ.

ಆ ಯಾವನೋ ಒಬ್ಬ ಒಂದು ಸಲ ನಾನೇ ಆಗಿದ್ದೆ. ಕಾಫಿ ಒಣಗಿಸುವ ಕಣದ ಪಕ್ಕದ ಗೋಡೌನಿನಲ್ಲಿ ತೇವಾಂಶ ಎಷ್ಟಿದೆ ನೋಡೋಣ ಎಂದು ಒಂದು ಸಣ್ಣ ಬೋರ್ಡಿಗೆ ಸೆನ್ಸರ್ ಸಿಕ್ಕಿಸಿದ್ದೆ. ತಾಪಮಾನದ ಫೈಲು ತೆರೆದರೆ 23500. ಸೆನ್ಸರ್ ಸುಟ್ಟಿದೆ ಎಂದುಕೊಂಡೆ. ಕರ್ನಲ್‌ನ ಹಾರ್ಡ್‌ವೇರ್ ಮಾನಿಟರಿಂಗ್ ವಿಭಾಗದಲ್ಲಿ ತಾಪಮಾನವನ್ನು ಮಿಲಿಡಿಗ್ರಿಯಲ್ಲಿ ಕೊಡುತ್ತಾರೆ, ಅಂದರೆ ಅದು 23.5 ಡಿಗ್ರಿ ಎಂದು ಗೊತ್ತಾಗಲು ಒಂದು ಸಂಜೆ ಹೋಯಿತು. ಅದು ನನ್ನ ಅಜ್ಞಾನ, ಬರೆದಿಟ್ಟಿದ್ದರು, ನಾನು ಓದಿರಲಿಲ್ಲ. ಆದರೆ ಮಾರನೇ ದಿನ ಇನ್ನೊಂದು ಕಂಡಿತು. ಸೆಕೆಂಡಿಗೊಂದರಂತೆ ಓದುತ್ತಿದ್ದ ನನ್ನ ಪಟ್ಟಿಯಲ್ಲಿ ಪ್ರತಿ ಸಂಖ್ಯೆಯೂ ಎರಡೆರಡು ಸಲ, ಅವಳಿ ಮಕ್ಕಳಂತೆ. ಆ ಡ್ರೈವರಿನ ಡಾಕ್ಯುಮೆಂಟೇಶನ್‌ನಲ್ಲಿ ಸೆಕೆಂಡಿಗೊಮ್ಮೆ ಹೊಸ ಅಳತೆ ಎಂದಿತ್ತು. ಕೋಡ್ ತೆಗೆದು ನೋಡಿದರೆ ಎರಡು ಸೆಕೆಂಡ್ ತನಕ ಹಳೆಯ ಅಳತೆಯನ್ನೇ ಕೊಡುತ್ತಿತ್ತು.

ಸಿಕ್ಕಿತು ಬೇಟೆ ಎಂದು ಒಂದನ್ನು ಎರಡು ಮಾಡಿ ಪ್ಯಾಚ್ ಕಳಿಸಿದೆ. ವಿವರಣೆಯಲ್ಲಿ ಬರೆದದ್ದು ಒಂದೇ ಸಾಲು: ಡಾಕ್ಯುಮೆಂಟೇಶನ್ ತಪ್ಪಿದೆ, ಸರಿಪಡಿಸಿದ್ದೇನೆ.

ನಾಲ್ಕನೇ ದಿನ ಉತ್ತರ ಬಂತು. ರಿವ್ಯೂ ಮಾಡಿದವರು ಕೇಳಿದ್ದು ಇಷ್ಟೇ: ತಪ್ಪಿರುವುದು ಡಾಕ್ಯುಮೆಂಟೇಶನ್ನೋ ಕೋಡೋ? ಕೋಡೇ ಸರಿ ಎಂದು ಹೇಗೆ ತೀರ್ಮಾನ ಮಾಡಿದಿರಿ? ಸೆನ್ಸರ್ ತಯಾರಕರ ಡೇಟಾಶೀಟ್ ನೋಡಿದಿರಾ?

ನೋಡಿರಲಿಲ್ಲ. ಬೈಗುಳವೇನೂ ಇರಲಿಲ್ಲ, ಆದರೂ ಮುಖ ಬಿಸಿಯಾಯಿತು. ಪಹಣಿಗೂ ಬದುವಿಗೂ ತಾಳೆಯಾಗದಿದ್ದರೆ ಬದುವೇ ಸರಿ ಎಂದು ಯಾರೂ ಹೇಳಲಾರರು, ಪಕ್ಕದವನು ಒತ್ತಿರಲೂಬಹುದು. ಸರ್ವೆ ಟಿಪ್ಪಣಿ ತೆಗೆಸಬೇಕು. ಇಷ್ಟು ಗೊತ್ತಿದ್ದೂ ನಾನು ಬದು ನೋಡಿಯೇ ಷರಾ ಬರೆದಿದ್ದೆ. ಡೇಟಾಶೀಟ್ ತೆರೆದೆ. ಪದೇಪದೇ ಅಳೆದರೆ ಸೆನ್ಸರ್ ತನ್ನ ಬಿಸಿಗೆ ತಾನೇ ಕಾಯುತ್ತದೆ, ಎರಡು ಸೆಕೆಂಡ್ ಅಂತರ ಕೊಡಿ ಎಂದಿತ್ತು. ಗಿಟ್‌ನಲ್ಲಿ ಆ ಸಾಲಿನ ಹಿಂದಿನ ಇತಿಹಾಸ ತೆಗೆದೆ, ಮ್ಯುಟೇಶನ್ ರಿಜಿಸ್ಟರ್ ತಿರುವಿ ಹಾಕಿದ ಹಾಗೆ. ಐದು ವರ್ಷದ ಹಿಂದೆ ಯಾರೋ ಇದೇ ಕಾರಣ ಕೊಟ್ಟು ಒಂದನ್ನು ಎರಡು ಮಾಡಿದ್ದರು, ಡಾಕ್ಯುಮೆಂಟೇಶನ್ ಮುಟ್ಟುವುದನ್ನು ಮರೆತಿದ್ದರು. ಅಲ್ಲಿಗೆ ಕೋಡ್ ಸರಿ, ಕಾಗದ ಹಳತು. ಇದನ್ನೆಲ್ಲ ಬರೆದು, ಆ ಹಳೆಯ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಗುರುತಿನ ಮೊದಲ 12 ಅಕ್ಷರಗಳನ್ನು ಫಿಕ್ಸಸ್ ಎಂಬ ಸಾಲಿನಲ್ಲಿ ಕೊಟ್ಟು, ಎರಡನೇ ಆವೃತ್ತಿ ಕಳಿಸಿದೆ. ಅದಕ್ಕೂ ಒಂದು ತಕರಾರು: ಹಿಂದಿನ ಆವೃತ್ತಿಗಿಂತ ಏನು ಬದಲಾಯಿತು ಎನ್ನುವುದನ್ನು ಮೂರು ಗೀಟುಗಳ (---) ಕೆಳಗೆ ಬರೆಯಬೇಕಿತ್ತು, ನಾನು ಮೇಲೆ ಬರೆದಿದ್ದೆ. ಮೇಲಿರುವುದು ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಕೆಳಗಿರುವುದು ರಿವ್ಯೂ ಮಾಡುವವರಿಗೆ ಮಾತ್ರ. ಮೂರನೇ ಆವೃತ್ತಿ ಸೇರಿತು. ಒಂದು ಅಂಕಿ ಬದಲಾಯಿಸಲು ಐದು ವಾರ. ಅಪ್ಪ ಕೇಳಿ, "ಅಷ್ಟ್ರಲ್ಲಿ ಒಂದ್ ಪೋಡಿನೇ ಆಗೋಗದಲ್ಲೋ" ಅಂದರು. ಅದು ಸ್ವಲ್ಪ ಅತಿಯಾಯಿತು, ಜಮೀನಿನ ಪೋಡಿ ಅಷ್ಟು ಬೇಗ ಆದದ್ದನ್ನು ನಾನಂತೂ ಕಂಡಿಲ್ಲ.

ಆ ಐದು ವಾರದಲ್ಲಿ ನನಗೆ ಗೊತ್ತಾದದ್ದು, ಅವರು ರಿವ್ಯೂ ಮಾಡುತ್ತಿದ್ದದ್ದು ಆ ಅಂಕಿಯನ್ನಲ್ಲ, ಅದರ ಜೊತೆಗಿದ್ದ ವಿವರಣೆಯನ್ನು. ಏನು ಬದಲಾಯಿತು ಎನ್ನುವುದು ಪ್ಯಾಚ್‌ನಲ್ಲೇ ಕಾಣುತ್ತದೆ. ಯಾಕೆ ಬದಲಾಗಬೇಕು, ಹೇಗೆ ಗೊತ್ತಾಯಿತು, ಯಾರಿಗೆ ತೊಂದರೆಯಾಗುತ್ತಿತ್ತು ಎನ್ನುವುದು ಕಮಿಟ್ ಮೆಸೇಜಿನಲ್ಲಿ ಮಾತ್ರ ಇರುತ್ತದೆ. ಕರ್ನಲ್‌ನ ಅತಿ ಒಳ್ಳೆಯ ಡಾಕ್ಯುಮೆಂಟೇಶನ್ ಅದೇ ಎಂದು ನಾನು ವಾದಿಸಬಲ್ಲೆ, ಏಕೆಂದರೆ ಅದು ತಾನು ವಿವರಿಸುವ ಬದಲಾವಣೆಗೆ ಕಟ್ಟಿಕೊಂಡೇ ಇರುತ್ತದೆ, ಹಳತಾಗುವುದಿಲ್ಲ. ಐದು ವರ್ಷದ ಹಿಂದೆ ಆ ಅನಾಮಿಕರು ಸೆನ್ಸರ್ ಬಿಸಿಯಾಗುವ ಮಾತನ್ನು ಎರಡು ಸಾಲು ಬರೆಯದೆ ಹೋಗಿದ್ದರೆ ನನ್ನ ಕೈಯಲ್ಲಿ ಉತ್ತರವೇ ಇರುತ್ತಿರಲಿಲ್ಲ. ನಿಮ್ಮ ಪ್ಯಾಚ್‌ನ ವಿವರಣೆಯಲ್ಲಿ ಏನಿದೆ, ಒಮ್ಮೆ ನೋಡಿಕೊಳ್ಳಿ.

ಹೊಸಬರು ಬೇಗ ಎಡವುವ ಜಾಗ ಇನ್ನೊಂದಿದೆ. ಕರ್ನಲ್‌ನ ಎಷ್ಟೋ ಡಾಕ್ಯುಮೆಂಟೇಶನ್ ಕೋಡಿನ ಒಳಗೇ ಕಾಮೆಂಟ್ ಆಗಿರುತ್ತದೆ, ಕರ್ನಲ್-ಡಾಕ್ ಎನ್ನುತ್ತಾರೆ. 2016ರಿಂದ ಇವನ್ನೆಲ್ಲ ಸ್ಫಿಂಕ್ಸ್ ಎಂಬ ಸಾಧನ ಒಟ್ಟುಗೂಡಿಸಿ ಪುಟ ಮಾಡುತ್ತದೆ, ಅದಕ್ಕೆ ಮೊದಲು ಡಾಕ್‌ಬುಕ್ ಇತ್ತು. ಫಂಕ್ಷನ್‌ನ ಒಂದು ಪ್ಯಾರಾಮೀಟರಿಗೆ ವಿವರಣೆ ಇಲ್ಲದಿದ್ದರೆ ಎಚ್ಚರಿಕೆ ಬರುತ್ತದೆ. ಅದನ್ನು ಬಾಯಿ ಮುಚ್ಚಿಸಲು "ಫ್ಲಾಗ್ಸ್: ಫ್ಲಾಗ್‌ಗಳು" ಎಂದು ಬರೆದು ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಎಚ್ಚರಿಕೆ ಇದ್ದಾಗ ಇಲ್ಲಿ ಏನೋ ಕೊರತೆ ಇದೆ ಎಂದಾದರೂ ತಿಳಿಯುತ್ತಿತ್ತು, ಈಗ ಅದೂ ಹೋಯಿತು. ಬರೆಯುವುದಿದ್ದರೆ ಬಳಸುವವನಿಗೆ ಬೇಕಾದದ್ದನ್ನು ಬರೆಯಿರಿ: ಈ ಫಂಕ್ಷನ್ ನಿದ್ದೆಗೆ ಹೋಗಬಹುದೇ (ಯಾವುದಕ್ಕೋ ಕಾಯುತ್ತಾ ನಿಂತುಬಿಡಬಹುದೇ), ಯಾವ ಲಾಕ್ ಹಿಡಿದು ಕರೆಯಬೇಕು, ಸೋತರೆ ಏನು ವಾಪಸ್ ಕೊಡುತ್ತದೆ. ಒಳಗೆ ಮೆಮೊರಿ ಕೇಳುವ ರೀತಿ ನೋಡಿದರೆ ಮೊದಲನೆಯದಕ್ಕೆ ಉತ್ತರ ಬಹಳ ಸಲ ಸಿಗುತ್ತದೆ. ನಿದ್ದೆಗೆ ಹೋಗುವ ಫಂಕ್ಷನ್ನನ್ನು ಸ್ಪಿನ್‌ಲಾಕ್ (ಹಿಡಿದವರು ನಿದ್ದೆಗೆ ಹೋಗಬಾರದ ಬೀಗ) ಹಿಡಿದು ಕರೆದವನ ಗತಿ ಏನಾಗುತ್ತದೆ ಎನ್ನುವುದು ನಿಮಗೆ ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲೇ ಬಂದಿರಬೇಕು.

ಸಹಿಗಳ ವಿಷಯ. ಪ್ಯಾಚ್‌ನ ಕೊನೆಯಲ್ಲಿ ಸೈನ್ಡ್-ಆಫ್-ಬೈ ಇಲ್ಲದಿದ್ದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಇದು 2004ರಲ್ಲಿ ಬಂದ ಪದ್ಧತಿ. ಅದರ ಹಿಂದಿನ ವರ್ಷ ಎಸ್‌ಸಿಓ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಇದೆ ಎಂದು ಐಬಿಎಂ ಮೇಲೆ ದಾವೆ ಹೂಡಿತ್ತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸುವ ದಾರಿ ಬೇಕಾಯಿತು. ಇದನ್ನು ಕಳಿಸುವ ಹಕ್ಕು ನನಗಿದೆ ಎನ್ನುವುದಷ್ಟೇ ಅದರ ಅರ್ಥ, ಇದು ಸರಿಯಿದೆ ಎಂದಲ್ಲ. ನಿಮ್ಮ ಪ್ಯಾಚ್ ಮುಂದಕ್ಕೆ ಸಾಗಿಸುವ ಪ್ರತಿ ಮೇಂಟೇನರೂ ಕೆಳಗೆ ತಮ್ಮದೊಂದು ಸೇರಿಸುತ್ತಾ ಹೋಗುತ್ತಾರೆ. ರಿವ್ಯೂಡ್-ಬೈ ಬೇರೆ: ನಾನು ಓದಿದ್ದೇನೆ, ಕಂಡ ತೊಂದರೆ ಹೇಳಿದ್ದೇನೆ, ಇದು ಸೇರಲು ಯೋಗ್ಯ ಎನ್ನುವ ಮಾತು. ಹಳೆಯ ಕ್ರಯಪತ್ರಗಳಲ್ಲಿ ಬರೆದುಕೊಟ್ಟವರ ರುಜು ಒಂದು ಕಡೆ, ಸಾಕ್ಷಿಗಳ ರುಜು ಇನ್ನೊಂದು ಕಡೆ ಇರುತ್ತದಲ್ಲ, ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಓದದೆ ಸಾಕ್ಷಿ ಹಾಕಿದರೆ ಮುಂದೆ ಆ ಹೆಸರಿಗೆ ಕಿಮ್ಮತ್ತಿರುವುದಿಲ್ಲ. ಬೇರೆಯವರ ರಿವ್ಯೂಡ್-ಬೈಯನ್ನು ಅವರು ಕೊಡದೆ ನೀವೇ ಸೇರಿಸಿಕೊಳ್ಳುವುದಂತೂ ಕಳ್ಳರುಜುವೇ.

ರಿವ್ಯೂ ಮಾಡುವವರು ಗುರುತಿಲ್ಲದವರಿಗೆ ಯಾಕಿಷ್ಟು ಪ್ರಶ್ನೆ ಹಾಕುತ್ತಾರೆ ಎನಿಸಿದರೆ 2021 ನೆನಪಿಡಿ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿಟ್ಟ ಪ್ಯಾಚ್‌ಗಳನ್ನು ಕಳಿಸಿ ರಿವ್ಯೂ ಮಾಡುವವರನ್ನು ಪರೀಕ್ಷಿಸಿದ್ದರು. ವಿಷಯ ದೊಡ್ಡದಾದಾಗ ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅಲ್ಲಿಂದ ಬರುವ ಪ್ಯಾಚ್‌ಗಳನ್ನೇ ನಿಲ್ಲಿಸಿದರು, ಹಳೆಯವನ್ನೂ ಮತ್ತೆ ಒಂದೊಂದಾಗಿ ಪರಿಶೀಲಿಸಬೇಕಾಯಿತು. ಆ ದುಡಿಮೆ ಬಿದ್ದದ್ದು ಇದೇ ರಿವ್ಯೂ ಮಾಡುವವರ ತಲೆಯ ಮೇಲೆ.

ಹೀಗೆ ಮೇಲ್‌ನಲ್ಲಿ ರಿವ್ಯೂ ಮಾಡುವುದು ಹಳೇ ಕಾಲದ್ದು ಎಂದು ಮೂಗು ಮುರಿಯುವವರು ಬಹಳ. ಅವರೊಮ್ಮೆ ಜುಲೈನಲ್ಲಿ ನಮ್ಮಲ್ಲಿಗೆ ಬರಲಿ. ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ, ಟವರಿಗೂ ಇಲ್ಲ. ನೆಟ್ ಇದ್ದಾಗ ಪ್ಯಾಚ್‌ಗಳ ಸರಣಿಯನ್ನು ಇಳಿಸಿಟ್ಟುಕೊಂಡು, ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಓದಿ, ಸಾಲಿನ ಕೆಳಗೇ ಉತ್ತರ ಬರೆದಿಟ್ಟಿರುತ್ತೇನೆ. ಸಿಗ್ನಲ್ ಎರಡು ಕಡ್ಡಿ ಬಂದ ತಕ್ಷಣ ಎಲ್ಲ ಹೋಗುತ್ತದೆ. ಬರೀ ಅಕ್ಷರ, ಕೆಲವು ಕೆಬಿ. ಯಾವ ಚೆಂದದ ವೆಬ್‌ಸೈಟ್ ನನಗೆ ಈ ಉಪಕಾರ ಮಾಡೀತು?

ನೀವು ಮುಂದೇನು ಮಾಡಬಹುದು ಎಂದರೆ, ನನ್ನ ಸಲಹೆ ಇನ್ನೊಂದು ಪ್ಯಾಚ್ ಬರೆಯುವುದಲ್ಲ. ಅಲ್ಲಿ ಬರೆಯುವವರಿಗೆ ಬರವಿಲ್ಲ, ಓದುವವರಿಗೆ ಬರ. ಡಾಕ್ಯುಮೆಂಟೇಶನ್ ಲಿಸ್ಟಿಗೆ ಬರುವ ಬೇರೆಯವರ ಪ್ಯಾಚ್ ಒಂದನ್ನು ತೆಗೆದುಕೊಂಡು ಅಪ್ಲೈ ಮಾಡಿ, ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಮೇಕ್ ಎಚ್‌ಟಿಎಂಎಲ್‌ಡಾಕ್ಸ್ ಕಮಾಂಡ್ ಓಡಿಸಿ, ಬಂದ ಪುಟವನ್ನು ತೆರೆದು ಕಣ್ಣಾರೆ ನೋಡಿ. ಟೇಬಲ್ ಒಡೆದಿರುತ್ತದೆ, ಲಿಂಕ್ ಸತ್ತಿರುತ್ತದೆ, ಉದಾಹರಣೆಯಲ್ಲಿ ಕೊಟ್ಟ ಕಮಾಂಡ್ ಓಡುವುದಿಲ್ಲ. ಅದನ್ನು ವಿನಯದಿಂದ ಬರೆದು ಕಳಿಸಿ. ನಾಲ್ಕು ಸಲ ಹೀಗೆ ಮಾಡಿದವರ ಸ್ವಂತ ಪ್ಯಾಚ್ ಬಂದಾಗ ಆ ಹೆಸರು ಅವರಿಗೆ ಪರಿಚಿತವಾಗಿರುತ್ತದೆ.

ಕನ್ನಡಕ್ಕೆ ಅನುವಾದ ಮಾಡಲೇ ಎಂದೂ ಕೇಳಿದ್ದೀರಿ. ಚೀನೀ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳು ಕರ್ನಲ್‌ನ ಒಳಗೇ ಇವೆ, ಮೂಲ ಮುಂದೆ ಹೋಗಿ ಅನುವಾದ ಹಿಂದೆ ಬಿದ್ದಿದೆಯೇ ಎಂದು ನೋಡಲು ಸ್ಕ್ರಿಪ್ಟ್ ಕೂಡ ಇದೆ. ಆಸೆ ನನಗೂ ಇದೆ. ಆದರೆ ನೀವು ಫೈನಲ್ ಇಯರ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳಿಗೊಮ್ಮೆ ಅದನ್ನು ಹೊಂದಿಸುವವರು ಯಾರು? ಮೂರು ವರ್ಷ ಬಿಡದೆ ಮಾಡುವ ಇನ್ನೊಬ್ಬರನ್ನು ಜೊತೆ ಮಾಡಿಕೊಂಡು ಬನ್ನಿ, ಮೂರನೆಯವನಾಗಿ ನಾನು ಸೇರುತ್ತೇನೆ. ಇಲ್ಲವಾದರೆ ರಾಗಿ ಅಂತ ಬರೆದ ಪಹಣಿ ಇನ್ನೊಂದು ಹುಟ್ಟುತ್ತದೆ, ಅಷ್ಟೇ.

ಸದ್ಯಕ್ಕೆ, ಆರ್ಕೈವ್‌ನಲ್ಲಿ ನಿಮ್ಮ ಪ್ಯಾಚ್ ಸಿಕ್ಕಿದರೆ ಅದರ ಸಬ್ಜೆಕ್ಟ್ ಸಾಲನ್ನು ಇಲ್ಲಿ ಕೆಳಗೆ ಹಾಕಿ. ಎರಡು ದಿನದಿಂದ ಮಳೆ ಹಿಡಿದಿದೆ. ಕರೆಂಟು ಇದ್ದರೆ ನಾಳೆ ರಾತ್ರಿ, ಇಲ್ಲದಿದ್ದರೆ ಬಂದ ದಿನ, ಅಪ್ಲೈ ಮಾಡಿ ನೋಡಿ ಲಿಸ್ಟಿನಲ್ಲೇ ಉತ್ತರ ಬರೆಯುತ್ತೇನೆ.