ಪೆನಾಂಗಿನ ಹಳೆಯ ಚಿತ್ರದಲ್ಲಿರುವ ‘ಬ್ರದರ್’ಗಳು ಯಾರು?

ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ 1930ರ ದಶಕದ, ಮಲಯದ (ಇಂದಿನ ಮಲೇಷ್ಯಾದ) ಪೆನಾಂಗಿನ ಶಾಲೆಯೊಂದರ ಗುಂಪುಚಿತ್ರ ಸಿಕ್ಕಿದೆಯೆಂದೂ, ಅದರ ನಡುಸಾಲಿನಲ್ಲಿ ಬಿಳಿ ನಿಲುವಂಗಿಯ ನಾಲ್ವರು ಯುರೋಪಿಯನ್ನರು ಕುಳಿತಿದ್ದಾರೆಂದೂ, ಅವರ ಹೆಸರುಗಳ ಮುಂದೆ ‘ಬ್ರದರ್’ ಎಂದು ಬರೆದಿದೆಯೆಂದೂ ತಿಳಿಸಿ, ಇವರು ಪಾದ್ರಿಗಳೇ, ಅಷ್ಟು ದೂರ ಯಾಕೆ ಬಂದರು, ಅಲ್ಲಿ ಹೇಗೆ ಬದುಕಿದರು ಎಂದು ಕೇಳಿದ್ದೀರಿ. ಅವರು ಪಾದ್ರಿಗಳಲ್ಲ. ಕೊರಳ ಬಳಿ ಎರಡು ಸೀಳಾಗಿ ಇಳಿಬಿದ್ದ ಬಿಳಿಯ ಪಟ್ಟಿ ಕಾಣಿಸುತ್ತಿದ್ದರೆ ಅವರು ಫ್ರಾನ್ಸಿನಲ್ಲಿ ಹುಟ್ಟಿದ ದ ಲಾ ಸಾಲ್ ಸಂಘದ ಸಹೋದರರೆಂದು ಬಹುಮಟ್ಟಿಗೆ ನಂಬಬಹುದು. ಚಳಿಯ ದೇಶಗಳಲ್ಲಿ ಅವರ ನಿಲುವಂಗಿ ಕಪ್ಪು, ಮಲಯದಂಥ ಸೆಕೆಯ ನಾಡುಗಳಲ್ಲಿ ಬಿಳಿ.

ನಾನು ಕಾಸರಗೋಡು ಜಿಲ್ಲೆಯ ಬೇಳದ ಇಗರ್ಜಿಯ ವ್ಯಾಪ್ತಿಯವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂಬ ಹಂಚಿಕೆಯಲ್ಲಿ ಬೆಳೆದು, ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತನಾದೆ. ನನ್ನ ಚಿಕ್ಕಪ್ಪ ಇಂಥದೇ ಒಂದು ಬೋಧಕ ಸಹೋದರರ ಸಂಘಕ್ಕೆ ಸೇರಿ, ತಮಿಳುನಾಡಿನ ಶಾಲೆಗಳಲ್ಲಿ ಆಯುಷ್ಯ ಕಳೆದರು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಮನೆಯ ಪ್ರಶ್ನೆಯೂ ಹೌದು.

ನಿಮ್ಮ ಗೊಂದಲ ಸಹಜವಾದದ್ದು, ಏಕೆಂದರೆ ನಮ್ಮ ಕಡೆ ‘ಬ್ರದರ್’ ಎಂಬ ಒಂದೇ ಮಾತಿಗೆ ಮೂರು ಅರ್ಥಗಳಿವೆ. ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ ಗುರುದೀಕ್ಷೆಗೆ ಓದುತ್ತಿರುವ ಹುಡುಗ ರಜೆಯಲ್ಲಿ ಊರಿಗೆ ಬಂದರೆ ಅವನನ್ನೂ ಬ್ರದರ್ ಎನ್ನುತ್ತೇವೆ. ಅವನು ನಾಳೆ ಪಾದ್ರಿಯಾಗುವವನು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಮಾಡುಗಳ ಮೇಲೆ ಚಿತ್ರ ಬರೆದ ಇಟಲಿಯ ಆಂಟೋನಿಯೊ ಮೊಸ್ಕೇನಿಯೂ ಬ್ರದರ್. ಆದರೆ ಅವರು ಜೆಸ್ವಿತರ ಸಂಘದಲ್ಲಿ ಪಾದ್ರಿಗಳ ಜೊತೆಗಿದ್ದು ಕೈಕೆಲಸ, ಕಲೆಗಳನ್ನು ನಡೆಸಿದ ಸಹೋದರ. ಮೂರನೆಯ ಬಗೆಯವರೇ ನಿಮ್ಮ ಚಿತ್ರದಲ್ಲಿರುವವರು: ಪಾದ್ರಿಗಳೇ ಇಲ್ಲದ, ಸಹೋದರರಷ್ಟೇ ಇರುವ, ಶಾಲೆ ನಡೆಸುವುದೊಂದನ್ನೇ ತಪಸ್ಸೆಂದುಕೊಂಡ ಸಂಘದವರು. ಇವರು ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತವುಂಟು, ಆದರೆ ಕ್ರೈಸ್ತಸಭೆಯ ಕಾನೂನಿನ ಲೆಕ್ಕದಲ್ಲಿ ನಮ್ಮ ನಿಮ್ಮಂತೆ ಅವರೂ ಸಾಮಾನ್ಯ ಭಕ್ತರೇ.

ಇಂಥದೊಂದು ಸಂಘವನ್ನು ಕಟ್ಟಿದವರು ಸ್ವತಃ ಪಾದ್ರಿಯಾಗಿದ್ದರು ಎಂಬುದು ವಿಚಿತ್ರ. ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ 1651ರಲ್ಲಿ ಫ್ರಾನ್ಸಿನ ರ‍್ಯಾನ್ಸ್ ಪಟ್ಟಣದ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿ, ಅಲ್ಲಿಯ ಮಹಾದೇವಾಲಯದಲ್ಲಿ ಒಳ್ಳೆಯ ಆದಾಯದ ಹುದ್ದೆಯಲ್ಲಿದ್ದವರು. ಬಡ ಹುಡುಗರ ಶಾಲೆಗೆಂದು ಸೇರಿಸಿದ ಅರೆಶಿಕ್ಷಿತ ಮೇಷ್ಟರುಗಳು ನಾಳೆಯ ಹೊಟ್ಟೆಪಾಡಿಗೆ ಹೆದರುವುದನ್ನೂ, ತಾನು ಅವರಿಗೆ ದೇವರನ್ನು ನಂಬಿರೆಂದು ಹೇಳುವುದು ಸಿರಿವಂತನ ಉಪದೇಶವಾಗುತ್ತದೆಂಬುದನ್ನೂ ಕಂಡು, 1683ರಲ್ಲಿ ಆ ಹುದ್ದೆಯನ್ನು ಬಿಟ್ಟರು. ಅದರ ಬೆನ್ನಿಗೇ ಬಂದ ಬರಗಾಲದಲ್ಲಿ ಇದ್ದ ಆಸ್ತಿಯನ್ನು ಹಸಿದವರಿಗೆ ಹಂಚಿ ಮುಗಿಸಿದರು. 1694ರಲ್ಲಿ ಅವರೂ ಹನ್ನೆರಡು ಮಂದಿ ಸಹೋದರರೂ ಕೂಡಿ ಆಜೀವ ವ್ರತ ತೊಟ್ಟಾಗ, ಭಿಕ್ಷೆ ಬೇಡಿ ಬರಿಯ ರೊಟ್ಟಿಯಲ್ಲಿ ದಿನ ದೂಡಬೇಕಾಗಿ ಬಂದರೂ ಧರ್ಮಾರ್ಥ ಶಾಲೆಗಳನ್ನು ಬಿಡೆವು ಎಂಬ ಮಾತು ಆ ವ್ರತದಲ್ಲಿತ್ತು. ಸಹೋದರರಲ್ಲಿ ಒಬ್ಬರಾದ ಆಂರಿ ಲೆರೋ ಎಂಬವರನ್ನು ಪಾದ್ರಿಯಾಗಿಸಬೇಕೆಂದು ಲಾ ಸಾಲ್ ಮೊದಲು ಬಯಸಿದ್ದುಂಟು. ಅವರು ಗುರುದೀಕ್ಷೆಗೆ ಮುನ್ನವೇ ಥಟ್ಟನೆ ತೀರಿಕೊಂಡರು. ಅದನ್ನು ದೇವರ ಸೂಚನೆಯೆಂದು ತಿಳಿದು, ತನ್ನ ಸಂಘದಲ್ಲಿ ಪಾದ್ರಿಗಳೇ ಇರಬಾರದೆಂದು ಅವರು ನಿಶ್ಚಯಿಸಿದರು.

ಭಾಷೆಯ ವಿಷಯದಲ್ಲಿ ಅವರು ಮಾಡಿದ್ದು ನನ್ನಂಥ ಕಾಸರಗೋಡಿನ ಕನ್ನಡ ಮೇಷ್ಟ್ರಿಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆ ಕಾಲದ ಫ್ರಾನ್ಸಿನಲ್ಲಿ ಮಕ್ಕಳು ಓದಲು ಕಲಿಯುತ್ತಿದ್ದದ್ದು ಲ್ಯಾಟಿನ್ ಪುಸ್ತಕದಿಂದ. ನಮ್ಮ ಐಗಳ ಮಠಗಳಲ್ಲಿ ಅರ್ಥ ತಿಳಿಯದ ಶ್ಲೋಕಗಳನ್ನು ಉರುಹೊಡೆಯುತ್ತಿದ್ದ ಹಾಗೆ. ಬಡವನ ಮಗ ನಾಲ್ಕಾರು ವರ್ಷ ಮಾತ್ರ ಶಾಲೆಗೆ ಬಂದಾನು, ಅಷ್ಟರೊಳಗೆ ಅವನು ಆಡುವ ಭಾಷೆಯಲ್ಲೇ ಓದು ಬಂದರೆ ಬದುಕಿಗೆ ಆದೀತು, ಲ್ಯಾಟಿನ್ನಿನ ಅರೆಕಲಿಕೆ ಯಾವುದಕ್ಕೂ ಆಗದು ಎಂದು ಲೆಕ್ಕ ಹಾಕಿ, ಲಾ ಸಾಲ್ ಫ್ರೆಂಚಿನಿಂದಲೇ ಓದು ಆರಂಭಿಸಿದರು. ಸಹೋದರರು ಲ್ಯಾಟಿನ್ ಕಲಿಸಲೇಬಾರದೆಂದು ನಿಯಮ ಮಾಡಿದರು. ಅದು 1923ರವರೆಗೂ ಉಳಿಯಿತು. ಒಬ್ಬೊಬ್ಬ ಹುಡುಗನನ್ನು ಕರೆದು ಪಾಠ ಒಪ್ಪಿಸಿಕೊಳ್ಳುವ ಬದಲು ಇಡೀ ತರಗತಿಗೆ ಒಟ್ಟಿಗೆ ಕಲಿಸುವ ಕ್ರಮವನ್ನು ವ್ಯಾಪಕವಾಗಿ ನಡೆಸಿದವರೂ ಇವರೇ. ಮಾತು ಕಡಿಮೆಯಾಗಲೆಂದು ಮೇಷ್ಟರ ಕೈಯಲ್ಲೊಂದು ‘ಟಕ್’ ಎನ್ನುವ ಸಣ್ಣ ಸಾಧನವಿರುತ್ತಿತ್ತು. ಓದು, ನಿಲ್ಲಿಸು, ತಪ್ಪಾಯಿತು, ಪುನಃ ಓದು ಎಲ್ಲವೂ ಅದರ ಸದ್ದಿನಲ್ಲೇ. ನಾನು ಮೂರು ದಶಕ ಗಂಟಲು ಹರಿದುಕೊಂಡದ್ದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಇನ್ನು ಏಷ್ಯಾ. ಸಿಂಗಾಪುರದಲ್ಲಿದ್ದ ಫ್ರೆಂಚ್ ಪಾದ್ರಿ ಜಾನ್ ಮರಿ ಬ್ಯೂರೆಲ್ ಶಾಲೆಗೆ ಜನ ಬೇಕೆಂದು ಯುರೋಪಿಗೆ ಹೋಗಿ ಕಾಡಿ ಬೇಡಿದ್ದರ ಫಲವಾಗಿ, 1852ರಲ್ಲಿ ಆರು ಮಂದಿ ಸಹೋದರರು ಹಡಗಿನಲ್ಲಿ ಬಂದರು. ಸಿಂಗಾಪುರದ ಸೇಂಟ್ ಜೋಸೆಫ್ಸ್ ಮತ್ತು ಪೆನಾಂಗಿನ ಸೇಂಟ್ ಝೇವಿಯರ್ಸ್, ಎರಡೂ ಅದೇ ವರ್ಷದ ಶಾಲೆಗಳು. ನಿಮ್ಮ ಅಜ್ಜನದು ಎರಡನೆಯದೇ ಇರಬೇಕೆಂದು ನನ್ನ ಊಹೆ. ಆಮೇಲೆ ಬರ್ಮಾ, ಸಿಲೋನ್, ವಿಯೆಟ್ನಾಂ. 1875ರಲ್ಲಿ ಹಾಂಗ್‌ಕಾಂಗ್, 1911ರಲ್ಲಿ ಮನಿಲಾ. ಇಷ್ಟೂ ಒಂದೇ ಸಂಘದ ಕಥೆಯಲ್ಲ. ಐರ್ಲೆಂಡಿನ ವಾಟರ್‌ಫರ್ಡಿನ ವ್ಯಾಪಾರಿ ಎಡ್ಮಂಡ್ ರೈಸ್, ಹೆಂಡತಿ ತೀರಿಕೊಂಡ ಮೇಲೆ ವ್ಯಾಪಾರ ಬಿಟ್ಟು 1802ರಲ್ಲಿ ಆರಂಭಿಸಿದ ಐರಿಷ್ ಸಹೋದರರು 1890ರಲ್ಲಿ ಕಲಕತ್ತೆಗೆ ಬಂದು, ಅಲ್ಲಿಂದ ಆಸನ್ಸೋಲ್, ನೈನಿತಾಲ್, ಕುರ್ಸಿಯಾಂಗ್, ಶಿಲ್ಲಾಂಗ್‌ಗಳಿಗೆ ಹರಡಿದರು. ಮದರಾಸಿನಲ್ಲಿ ಅವರಿಗೂ ಮೊದಲೇ, 1875ರಿಂದ, ಪ್ಯಾಟ್ರಿಶಿಯನ್ ಎಂಬ ಇನ್ನೊಂದು ಸಂಘದ ಸಹೋದರರಿದ್ದರು.

ಇವರ ದಿನಚರಿಯ ಬಗ್ಗೆ ಪುಸ್ತಕಗಳಿಗಿಂತ ಚಿಕ್ಕಪ್ಪನಿಂದ ತಿಳಿದದ್ದನ್ನು ಹೇಳುವುದು ವಾಸಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ಮೌನ ಧ್ಯಾನ, ಪಕ್ಕದ ಇಗರ್ಜಿಯ ಪಾದ್ರಿ ಬಂದು ಅರ್ಪಿಸುವ ಬಲಿಪೂಜೆ, ತಿಂಡಿ, ಆಮೇಲೆ ಸಂಜೆಯವರೆಗೆ ಶಾಲೆ, ಶಾಲೆ ಬಿಟ್ಟ ಮೇಲೆ ಹುಡುಗರೊಡನೆ ಆಟದ ಬಯಲು, ರಾತ್ರಿ ಹಾಸ್ಟೆಲಿನ ಓದಿನ ಹೊತ್ತಿನ ಕಾವಲು, ಒಂಬತ್ತಕ್ಕೆ ಮೌನ. ಸರಕಾರದಿಂದ ಬರುವ ಸಂಬಳ ಅವರ ಹೆಸರಿನಲ್ಲಿ ಬಂದರೂ ನೇರ ಸಂಘದ ಗಂಟಿಗೆ ಸೇರುತ್ತಿತ್ತು. ಊರಿಗೆ ಬರುವಾಗ ಎಣಿಸಿ ಕೊಟ್ಟ ಬಸ್ಸಿನ ದುಡ್ಡು; ಟಿಕೇಟುಗಳನ್ನು ಬೈಬಲಿನ ನಡುವೆ ಜೋಪಾನವಾಗಿಟ್ಟು, ಹಿಂದಿರುಗಿ ಲೆಕ್ಕ ಒಪ್ಪಿಸುತ್ತಿದ್ದರು. ಅವರು ಬರುತ್ತಿದ್ದದ್ದು ಮೇ ತಿಂಗಳಲ್ಲಿ, ಅದೂ ಪ್ರತಿ ವರ್ಷವಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಒಮ್ಮೆಯೂ ಬರಲಾಗಲಿಲ್ಲ. ಅಜ್ಜಿ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅವರಿಗೆ ಕಳುಹಿಸುತ್ತಿದ್ದರು. ಬಸ್ಸಿನ ದಾರಿಯಲ್ಲಿದ್ದವರಿಗೇ ಹೀಗಾದರೆ, ಹಡಗಿನ ಕಾಲದಲ್ಲಿ ಐರ್ಲೆಂಡಿನಿಂದಲೋ ಫ್ರಾನ್ಸಿನಿಂದಲೋ ಇಪ್ಪತ್ತರ ಹರೆಯದಲ್ಲಿ ಹೊರಟವರಿಗೆ ಮನೆ ಎಷ್ಟು ದೂರವಾಗಿತ್ತೆಂದು ಯೋಚಿಸಿ. ತಾಯಿಯ ಸಾವಿನ ಸುದ್ದಿ ವಾರಗಟ್ಟಲೆ ಕಳೆದ ಮೇಲೆ ಕಾಗದದಲ್ಲಿ ತಲುಪುತ್ತಿದ್ದ ಕಾಲವದು.

ಆದರೆ ನಮ್ಮ ಮನೆಯಲ್ಲಿ ನಿಜವಾಗಿ ನೋವಾಗಿದ್ದದ್ದು ಅದರಿಂದಲ್ಲ. ಮಗ ಪಾದ್ರಿಯಾದರೆ ಮೊದಲ ಪೂಜೆಗೆ ಊರಿಡೀ ಸೇರುತ್ತದೆ, ಚಪ್ಪರವೇಳುತ್ತದೆ, ತಾಯಿಗೆ ಮುಂದಿನ ಬೆಂಚಿನಲ್ಲಿ ಜಾಗ ಸಿಗುತ್ತದೆ. ಬ್ರದರ್ ಆದವನಿಗೆ ಇದಾವುದೂ ಇಲ್ಲ. ಅಷ್ಟು ಓದಿದವನು ಪೂರ್ತಿ ಯಾಕೆ ಓದಲಿಲ್ಲ ಎಂದು ನೆರೆಕರೆಯವರು ಅಜ್ಜಿಯನ್ನು ಕೇಳುತ್ತಿದ್ದರಂತೆ. ಬ್ರದರ್ ಎಂದರೆ ಪಾದ್ರಿಯಾಗಲು ಹೋಗಿ ಅರ್ಧದಲ್ಲಿ ನಿಂತವನು ಎಂಬುದು ಅವರ ಎಣಿಕೆ. ನಾನು ಮೇಷ್ಟ್ರಾದ ಮೇಲೆ ಒಮ್ಮೆ ಇದನ್ನೇ ಚಿಕ್ಕಪ್ಪನಲ್ಲಿ ಕೇಳಿದೆ. “ಪಾದ್ರಿಯನ್ನು ಬಿಷಪರು ಇವತ್ತು ಶಾಲೆಗೆ ಹಾಕಿಯಾರು, ನಾಳೆ ಎಬ್ಬಿಸಿ ಇಗರ್ಜಿಗೆ ಕಳಿಸಿಯಾರು. ನನ್ನನ್ನು ಶಾಲೆಯಿಂದ ಎಬ್ಬಿಸಿದರೆ ಕೂರಿಸಲು ಅವರಲ್ಲಿ ಬೇರೆ ಜಾಗವೇ ಇಲ್ಲ,” ಎಂದು ನಕ್ಕರು.

ಈಗ ನನ್ನ ತಕರಾರು. ಬಡವನ ಮಗ ತನ್ನ ಭಾಷೆಯಲ್ಲೇ ಓದಲಿ ಎಂದವರ ಶಿಷ್ಯರು ಏಷ್ಯಾದಲ್ಲಿ ಹೆಸರಾದದ್ದು ಇಂಗ್ಲಿಷ್ ಶಾಲೆಗಳಿಂದ. ಪೆನಾಂಗಿನಲ್ಲಿ ಚೀನೀ, ತಮಿಳು, ಯುರೇಶಿಯನ್ ಹುಡುಗರು ಒಂದೇ ಬೆಂಚಿನಲ್ಲಿ ಕೂತು ಕೇಂಬ್ರಿಡ್ಜ್ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಓದಿದರು. ಸರಕಾರದ ಅನುದಾನ ಬರುತ್ತಿದ್ದದ್ದು ಇಂಗ್ಲಿಷಿಗೆ, ಗುಮಾಸ್ತನ ಕೆಲಸ ಸಿಗುತ್ತಿದ್ದದ್ದು ಇಂಗ್ಲಿಷಿಗೆ, ತಂದೆ ತಾಯಿ ಕೇಳುತ್ತಿದ್ದದ್ದೂ ಇಂಗ್ಲಿಷನ್ನೇ. ಬಡ ಹುಡುಗರನ್ನು ಮೇಲೆತ್ತಬೇಕೆಂಬ ಗುರಿಗೆ ಅದೇ ಏಣಿಯಾಗಿತ್ತು ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈಚೆಗೆ, ಮನೆಯ ಭಾಷೆ, ಶಾಲೆಯ ಭಾಷೆ, ಉದ್ಯೋಗದ ಭಾಷೆ ಬೇರೆ ಬೇರೆಯಾದರೆ ಮಕ್ಕಳಿಗೆ ಏನಾಗುತ್ತದೆಂದು ನಮ್ಮ ಜಿಲ್ಲೆಯಲ್ಲಿ ಕಂಡಿದ್ದೇವೆ. ಕನ್ನಡ ತರಗತಿಯ ಹಾಜರಿಪಟ್ಟಿ ವರ್ಷ ವರ್ಷ ಗಿಡ್ಡವಾಗುವುದನ್ನು ಕಂಡವನಿಗೆ ಆ ಏಣಿಯ ಇನ್ನೊಂದು ತುದಿಯೂ ಕಾಣುತ್ತದೆ.

ಹೀಗಿರುವಾಗ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. 1901ರಲ್ಲಿ ಸೇಂಟ್ ಗೇಬ್ರಿಯಲ್ ಸಂಘದ ಐವರು ಫ್ರೆಂಚ್ ಸಹೋದರರು ಬ್ಯಾಂಕಾಕಿನ ಅಸಂಪ್ಷನ್ ಕಾಲೇಜನ್ನು ನಡೆಸಲು ಬಂದಿಳಿದರು. ಅವರಲ್ಲಿ ಹಿಲೇರ್ ಎಂಬವರಿಗೆ ಆಗ ಇಪ್ಪತ್ತು ವರ್ಷ. ಥಾಯ್ ಅಕ್ಷರ ಗೊತ್ತಿಲ್ಲದೆ ಬಂದ ಆ ಹುಡುಗ, ಹುಡುಗರು ಕೂತು ಕಲಿಯುವ ಥಾಯ್ ಪಾಠಗಳನ್ನೇ ತಾನೂ ಕೇಳಿ ಕಲಿತು, ಕೆಲವೇ ವರ್ಷಗಳಲ್ಲಿ ‘ದರುಣ್ ಸೂಕ್ಸಾ’ ಎಂಬ ಥಾಯ್ ಪಾಠಮಾಲೆಯನ್ನೇ ಬರೆದರು. ಆ ಹೆಸರು ನಮ್ಮ ತರುಣ, ಶಿಕ್ಷಾ ಎಂಬ ಮಾತುಗಳಿಗೆ ನೆಂಟನೆಂಬುದನ್ನು ಗಮನಿಸಿ. ಥಾಯ್ ಮಕ್ಕಳಿಗೆ ಥಾಯ್ ಕಲಿಸಲು ಫ್ರೆಂಚನೊಬ್ಬ ಬರೆದ ಆ ಪುಸ್ತಕ ಅವರ ಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. 1894ರ ಕಿಟೆಲ್ ನಿಘಂಟನ್ನು ಇನ್ನೂ ತೆರೆದು ನೋಡುವ ನಮಗೆ ಇಂಥ ಋಣದ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಿಟೆಲರು ಪ್ರೊಟೆಸ್ಟಂಟರಾಗಿದ್ದರೂ. ಹಿಲೇರ್ 1968ರಲ್ಲಿ ತೀರಿಕೊಂಡರು.

ನಿಮ್ಮ ಚಿತ್ರದಲ್ಲಿರುವವರು ಹತ್ತು ವರ್ಷದೊಳಗೆ ಯುದ್ಧವನ್ನು ಕಂಡಿರಬೇಕು. ಎಲ್ಲಕ್ಕಿಂತ ಘೋರವಾದದ್ದು ಮನಿಲಾದ ದ ಲಾ ಸಾಲ್ ಕಾಲೇಜಿನಲ್ಲಿ ನಡೆಯಿತು. 1945ರ ಫೆಬ್ರವರಿ 12ರಂದು, ಅಮೆರಿಕನ್ನರು ನಗರದೊಳಗೆ ನುಗ್ಗುತ್ತಿರುವಾಗ, ಜಪಾನಿ ಸೈನಿಕರು ಕಾಲೇಜಿನಲ್ಲಿ ಆಶ್ರಯ ಪಡೆದಿದ್ದ ಕುಟುಂಬಗಳನ್ನೂ 16 ಸಹೋದರರನ್ನೂ ಇರಿದು, ಗುಂಡಿಕ್ಕಿ ಕೊಂದರು. ಆ ಸಹೋದರರಲ್ಲಿ ಹೆಚ್ಚಿನವರು ಜಪಾನಿನ ಮಿತ್ರದೇಶವಾದ ಜರ್ಮನಿಯವರೇ.

ಯುದ್ಧದ ಮೇಲೆ ಬಂದ ಸ್ವತಂತ್ರ ಸರಕಾರಗಳು ಶಾಲೆಗಳನ್ನು ಒಂದೊಂದಾಗಿ ತೆಗೆದುಕೊಂಡವು: ಸಿಲೋನಿನಲ್ಲಿ 1960-61ರಲ್ಲಿ ಅನುದಾನಿತ ಶಾಲೆಗಳಲ್ಲಿ ಬಹುಪಾಲು, ಬರ್ಮಾದಲ್ಲಿ 1965ರಲ್ಲಿ, ದಕ್ಷಿಣ ವಿಯೆಟ್ನಾಮಿನಲ್ಲಿ 1975ರ ಬಳಿಕ. ತನ್ನ ಮಕ್ಕಳ ಪಾಠ ಯಾರ ಕೈಯಲ್ಲಿರಬೇಕೆಂದು ದೇಶವೊಂದು ತೀರ್ಮಾನಿಸುವುದನ್ನು ತಪ್ಪೆನ್ನಲಾರೆ. ಆದರೆ ಪಾದ್ರಿಗೆ ಶಾಲೆ ಹೋದರೂ ಇಗರ್ಜಿ ಉಳಿಯುತ್ತದೆ. ಚಿಕ್ಕಪ್ಪ ನಕ್ಕು ಹೇಳಿದ ಮಾತು ಅಲ್ಲಿಯ ಬ್ರದರ್‌ಗಳಿಗೆ ನಗುವಾಗಿ ಉಳಿಯಲಿಲ್ಲ.

ಹೊಗಳಿಕೆಯಲ್ಲೇ ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದಂತೆ. ಬೆತ್ತ ಇವರ ಶಾಲೆಗಳಲ್ಲಿ ಧಾರಾಳವಾಗಿತ್ತು. ಹಳೆಯ ವಿದ್ಯಾರ್ಥಿಗಳು ಅದನ್ನು ಅಭಿಮಾನದಿಂದ ಹೇಳಿಕೊಳ್ಳುವುದುಂಟು, ಆದರೆ ಪೆಟ್ಟು ತಿಂದು ಶಾಲೆ ಬಿಟ್ಟವನು ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬರುವುದಿಲ್ಲವಷ್ಟೆ. ಐರ್ಲೆಂಡಿನಲ್ಲಿ 2009ರಲ್ಲಿ ಹೊರಬಂದ ಸರಕಾರಿ ಆಯೋಗದ ವರದಿ, ಐರಿಷ್ ಸಹೋದರರು ನಡೆಸಿದ ವಸತಿ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಕ್ರೌರ್ಯ ಮತ್ತು ಲೈಂಗಿಕ ದೌರ್ಜನ್ಯವನ್ನು ದಾಖಲಿಸಿತು. ಸಂಸಾರವಿಲ್ಲದ ಗಂಡಸರ ಕೈಗೆ, ಕೇಳುವವರಿಲ್ಲದ ಮಕ್ಕಳನ್ನು, ಮೇಲ್ವಿಚಾರಣೆಯಿಲ್ಲದೆ ಒಪ್ಪಿಸಿದ ವ್ಯವಸ್ಥೆ ಅದು.

ಈಗ ಅವರ ಸಂಖ್ಯೆ ಕುಗ್ಗಿದೆ. 1960ರ ದಶಕದ ನಡುವೆ ಲೋಕದಾದ್ಯಂತ 16 ಸಾವಿರಕ್ಕೂ ಮಿಕ್ಕಿ ಇದ್ದ ದ ಲಾ ಸಾಲ್ ಸಹೋದರರು ಇಂದು ಸುಮಾರು ಮೂರು ಸಾವಿರ. ಅವರು ಕಟ್ಟಿದ ಶಾಲೆಗಳನ್ನು ಈಗ ಬಹುಮಟ್ಟಿಗೆ ಸಂಸಾರವಂದಿಗ ಮೇಷ್ಟರು, ಟೀಚರುಗಳೇ ನಡೆಸುತ್ತಿದ್ದಾರೆ. ಸಿಂಗಾಪುರದ ಸೇಂಟ್ ಜೋಸೆಫ್ಸ್ ಬೇರೆಡೆಗೆ ಹೋಗಿ, ಅದರ ಹಳೆಯ ಕಟ್ಟಡ 1996ರಲ್ಲಿ ಕಲಾ ಸಂಗ್ರಹಾಲಯವಾಯಿತು.

ನೀವು ಆ ನಾಲ್ವರನ್ನು ಹುಡುಕುವುದಾದರೆ ಒಂದು ಸೂಚನೆ. ಚಿತ್ರದ ಕೆಳಗಿರುವ ಹೆಸರುಗಳು ಹುಟ್ಟುಹೆಸರುಗಳಲ್ಲ. ಸಂಘಕ್ಕೆ ಸೇರುವಾಗ ಇಟ್ಟುಕೊಂಡ ಸಂತರ ಹೆಸರುಗಳು. ಮನೆತನದ ಹೆಸರನ್ನು ಅವರು ಅಲ್ಲಿಗೇ ಬಿಟ್ಟಿರುತ್ತಾರೆ. ಹಾಗಾಗಿ ಆ ಹೆಸರು ಹಿಡಿದು ಯುರೋಪಿನ ಜನನ ದಾಖಲೆಗಳಲ್ಲಿ ತಡಕಿದರೆ ಏನೂ ಸಿಗದು. ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳನ್ನೂ, ಸಂಘದವರು ಇಡುವ ಮೃತ ಸಹೋದರರ ಪಟ್ಟಿಯನ್ನೂ ಕೇಳಿ ನೋಡಿ. ಎರಡೂ ಹೆಸರು ಒಟ್ಟಿಗೆ ಸಿಗುವುದು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ. ನನ್ನ ಚಿಕ್ಕಪ್ಪನ ಸಮಾಧಿಯ ಕಲ್ಲಿನ ಮೇಲೂ ನಾವು ಮನೆಯಲ್ಲಿ ಕರೆಯುತ್ತಿದ್ದ ಹೆಸರಿಲ್ಲ. ಮೊದಲ ಸಲ ಹೋದಾಗ ಸಾಲಿನಲ್ಲಿ ಎರಡು ಬಾರಿ ಹಾದುಹೋಗಿಯೂ ಅದು ಅವರದೆಂದು ನನಗೆ ತಿಳಿಯಲಿಲ್ಲ.