ಅಣ್ಣನ ರೋಡ್‌ಕಿಂಗ್ ಬಗ್ಗೆ

ಅಣ್ಣ ತೀರಿಕೊಂಡ ಮೇಲೆ ಅವರ ಯೆಜ್ಡಿ ರೋಡ್‌ಕಿಂಗ್ ಬೈಕ್ ಮನೆ ಮುಂದೆ ಸುಮ್ನೆ ನಿಂತಿದೆ, ಅವರ ನೆನಪಿಗೆ ಬೆಂಗಳೂರಿಂದ ಮೈಸೂರಿಗೆ ಒಂದು ರೈಡ್ ಹೋಗೋಣವಾ ಅಂತ ಕೇಳಿದ್ದೀರಿ. ಖಂಡಿತ ಹೋಗೋಣ. ಆದರೆ ಮೊದಲು ಆ ಗಾಡಿಯ ಕೆಲಸ ಆಗಲಿ.

ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತಿದ್ದರೂ ಅಣ್ಣ ಮುಂದೆ ಹೋದವರಲ್ಲ. ಟೂಲ್ ಬಾಕ್ಸಿನಲ್ಲಿ ಹಳೇ ಫಿಲಂ ರೋಲಿನ ಡಬ್ಬಿ ಇರುತ್ತಿತ್ತು. ಅದರೊಳಗೆ ಪ್ಲಗ್‌ಗೆ ಕಿಡಿ ಬರೋಕೆ ಬೇಕಾದ ಒಂದು ಪಾಯಿಂಟ್ ಸೆಟ್, ಒಂದು ಕಂಡೆನ್ಸರ್, ಮಡಚಿಟ್ಟ ಎಮ್ರಿ ಪೇಪರ್. ಗುರುತು ಪರಿಚಯ ಇಲ್ಲದವರಿಗೂ ಕಂಡೆನ್ಸರ್ ಬಿಚ್ಚಿ ಹಾಕಿಕೊಟ್ಟು, "ಊರು ಸೇರಿದ ಮೇಲೆ ಒಂದು ಫೋನ್ ಮಾಡಿ" ಅನ್ನುತ್ತಿದ್ದರು. ದುಡ್ಡಿನ ಮಾತೇ ಇಲ್ಲ. ಅಂಥವರ ಗಾಡಿ ತುಕ್ಕು ಹಿಡಿಯೋದನ್ನು ನಾವು ನೋಡ್ತಾ ಕೂರಬಾರದು.

ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ. ಕಾರ್ಬುರೇಟರ್ ಬೌಲ್ ಕೂಡ ಖಾಲಿ ಮಾಡಿ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಜೊತೆ ಆಯಿಲ್ ಬೆರೆತಿರುತ್ತೆ; ಪೆಟ್ರೋಲ್ ಆವಿಯಾಗಿ ಹೋಗುತ್ತೆ, ಆಯಿಲ್ ಅಂಟಾಗಿ ಕಾರ್ಬುರೇಟರ್‌ನ ಸಣ್ಣ ತೂತಲ್ಲಿ, ಅಂದರೆ ಜೆಟ್‌ನಲ್ಲಿ, ಕೂರುತ್ತೆ. ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ 2ಟಿ (ಟೂ ಸ್ಟ್ರೋಕ್) ಆಯಿಲ್ ಬಿಡಿ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತೆ, ಅವರ ಮಗನಿಗೆ ತೋರಿಸಿಕೊಡಿ. ಕೈಯಿಂದಲೇ ನಿಧಾನವಾಗಿ ನಾಲ್ಕೈದು ಸಲ ಒತ್ತಿದರೆ ಸಾಕು, ಸಿಲಿಂಡರ್ ಒಳಗೆ ಆಯಿಲ್ ಹರಡಿಕೊಳ್ಳುತ್ತೆ. ಬ್ಯಾಟರಿ ತೆಗೆದಿಡಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ಒಳಗೆ ತೇವ ನಿಲ್ಲುತ್ತೆ. ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ, ನೆರಳಿಗೆ ತಳ್ಳಿ ಸೆಂಟರ್ ಸ್ಟ್ಯಾಂಡ್ ಹಾಕಿ.

ಕಾಗದದ ಕೆಲಸಕ್ಕೆ ಗಡುವಿದೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಗಾಡಿ ವಾರಸುದಾರರ ಹೆಸರಿಗೆ ಮಾಡಿಸೋಕೆ 3 ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಆರ್‌ಸಿ, ಇನ್ಶೂರೆನ್ಸ್ ಒಂದೇ ಫೈಲಿನಲ್ಲಿ ಇಡಿ. ಇನ್ಶೂರೆನ್ಸ್ ಕೂಡ ಅತ್ತಿಗೆ ಅಥವಾ ಮಗನ ಹೆಸರಿಗೆ ಆಗಲೇಬೇಕು. ಅದಾಗುವ ತನಕ ಯಾರೂ "ಒಂದು ರೌಂಡ್" ಅಂತ ಗಾಡಿ ಹೊರಗೆ ತೆಗೆಯಬೇಡಿ.

ಮಾರುವ ಮಾತು ಈಗ ಯಾರೂ ಎತ್ತಬೇಡಿ. 1996ರಲ್ಲಿ ಮೈಸೂರಿನ ಯೆಜ್ಡಿ ಕಾರ್ಖಾನೆ ಮುಚ್ಚಿದ ಮೇಲೆ ಈ ಹಳೇ ಗಾಡಿಗಳಿಗೆ ಬೇಡಿಕೆ ಜಾಸ್ತಿ ಆಗಿದೆ. ದುಃಖದಲ್ಲಿರುವ ಮನೆಗೆ ಹೋಗಿ ರೇಟು ಕೇಳೋದು ನನಗೆ ತೀರಾ ಬೇಸರದ ವಿಷಯ. ಇಟ್ಟುಕೊಳ್ಳೋದೋ ಕೊಡೋದೋ, ಅತ್ತಿಗೆ ನಿಧಾನವಾಗಿ ಯೋಚಿಸಲಿ. ಕೊಡೋದಾದರೆ ಸರಿಯಾದ ಬೆಲೆ ಎಷ್ಟು ಅಂತ ಹೇಳೋಕೆ ನಾವಿದ್ದೇವೆ.

ಇನ್ನು ರೈಡ್. ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ. ಕನಕಪುರ, ಮಳವಳ್ಳಿ, ಬನ್ನೂರು ಮೇಲೆ ಹೋಗೋಣ. ಹಳೇ ಗಾಡಿಗಳ ವೇಗಕ್ಕೆ ಅದೇ ಸರಿ. ಯಾದವಗಿರಿಯಲ್ಲಿ, ಆ ಕಾರ್ಖಾನೆ ಇದ್ದ ಕಡೆ, ಸ್ವಲ್ಪ ಹೊತ್ತು ನಿಂತು ಬರೋಣ. ಬ್ಯಾನರ್, ಹಾರ್ನ್ ಗಲಾಟೆ ಬೇಡ. ಬರುವ ಪ್ರತಿಯೊಬ್ಬರೂ ಒಂದು ಪಾಯಿಂಟ್ ಸೆಟ್, ಒಂದು ಕಂಡೆನ್ಸರ್ ಇಟ್ಟುಕೊಂಡು ಬನ್ನಿ, ದಾರಿಯಲ್ಲಿ ನಿಂತವರಿಗೆ ಕೊಡೋಕೆ.

ಈ ಭಾನುವಾರ ಬೆಳಿಗ್ಗೆ ನಾನು ಅಣ್ಣನ ಮನೆಗೆ ಹೋಗ್ತೇನೆ, ಕಾರ್ಬುರೇಟರ್ ನನಗೆ ಬಿಡಿ. ಆರ್‌ಟಿಒ ಕೆಲಸ ಗೊತ್ತಿರುವವರು ಒಬ್ಬರು ಜೊತೆಗೆ ಬನ್ನಿ. ಯಾರು ಬರ್ತೀರಿ ಅಂತ ಇಲ್ಲೇ ತಿಳಿಸಿ, ಅತ್ತಿಗೆಗೆ ಮೊದಲೇ ಫೋನ್ ಮಾಡಿ ಹೇಳಿರ್ತೇನೆ.